ಕೂರುವಷ್ಟು ಒಣನೆಲ

ಪಾಲೀನ್ ಹ್ಯಾಡ್ಲಿ ಒದ್ದೆ ಕೊಡೆಯನ್ನು ಬಾಗಿಲಿಗೆ ಒರಗಿಸಿ ಕೌಂಟರಿನ ಮುಂದೆ ಬಂದು ನಿಂತರು. ಹವೆಯ ಮಾತಿಲ್ಲ, ಕುಶಲದ ಮಾತಿಲ್ಲ. ಈ ದೇಶದಲ್ಲಿ ಹವೆಯ ಸುದ್ದಿ ಎತ್ತದೆ ಯಾರಾದರೂ ನೇರ ವಿಷಯಕ್ಕೆ ಬಂದರೆ ಅವರ ಮನೆಯಲ್ಲಿ ಏನೋ ಕೆಟ್ಟದ್ದು ಆಗಿದೆ ಎಂದೇ ತಿಳಿಯಬೇಕು.

"ಸ್ಮಶಾನದ ಮೇಲುಭಾಗದಲ್ಲಿ, ಆ ಸೀಡರ್ ಮರದ ಹತ್ತಿರ ಒಂದು ಜಾಗ ಇದೆಯಲ್ಲ, ಅದು ಇನ್ನೂ ಖಾಲಿ ಇದೆಯಾ?" ಎಂದು ಕೇಳಿದರು. "ನನ್ನ ಗಂಡ ಗ್ರಹಾಂನನ್ನು ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ. ಇನ್ನು ಅವರ ಕೈಯಲ್ಲಿ ಏನೂ ಇಲ್ಲವಂತೆ."

ಕೌಂಟರಿನ ಹಿಂದಿದ್ದ ನಿವೇದಿತಾ ಸ್ಮಶಾನದ ನಕ್ಷೆಯನ್ನು ಎಳೆದುಕೊಂಡಳು. ಜಾಗ ಖಾಲಿ ಇತ್ತು. ಇಡೀ ಮೇಲುಭಾಗದಲ್ಲಿ ಉಳಿದದ್ದು ಅದೊಂದೇ. "ಇದೆ" ಎಂದು ಹೇಳುವುದಕ್ಕೇ ಟೌನ್ ಕೌನ್ಸಿಲ್ ಅವಳಿಗೆ ಸಂಬಳ ಕೊಡುತ್ತಿತ್ತು. ಸಮುದಾಯ ಭವನದ ಬುಕಿಂಗ್, ತರಕಾರಿ ಬೆಳೆಯುವ ತುಂಡು ಜಮೀನುಗಳ ಹಂಚಿಕೆ, ಸ್ಮಶಾನದ ಜಾಗಗಳ ಉಸ್ತುವಾರಿ, ಮೂರೂ ಅವಳದೇ. ಆದರೆ ಬಾಯಿಂದ ಹೊರಟದ್ದು ಬೇರೆ ಮಾತು.

"ಅದನ್ನು ಇನ್ನೊಬ್ಬರು ಕೇಳಿದ್ದಾರೆ, ಮಿಸೆಸ್ ಹ್ಯಾಡ್ಲಿ. ಸೋಮವಾರ ಖಚಿತವಾಗಿ ಹೇಳುತ್ತೇನೆ."

ಯಾರೂ ಕೇಳಿರಲಿಲ್ಲ. ಪಾಲೀನ್ ತಲೆಯಾಡಿಸಿ, ಕೊಡೆ ತೆಗೆದುಕೊಂಡು ಮಳೆಗೆ ಇಳಿದು ಹೋದರು. ಜಗಳವಾಡಿದ್ದರೆ ಒಳ್ಳೆಯದಿತ್ತು ಎಂದು ನಿವೇದಿತಾಳಿಗೆ ಅನ್ನಿಸಿತು. ಶುಕ್ರವಾರದ ಉಳಿದ ಕೆಲಸವನ್ನೆಲ್ಲ ಅವಳು ಎರಡೆರಡು ಸಲ ತಪ್ಪು ಮಾಡಿ ಮುಗಿಸಿದಳು.

ಮಾರ್ಲ್‌ಫರ್ಡ್ ಊರಿನಲ್ಲಿ ಜಾತಿ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಲು ಹೋಗಬೇಡಿ. ಎರಡಿವೆ. ನೀರು ನುಗ್ಗುವ ಮನೆಯವರದು ಒಂದು, ನೀರು ನುಗ್ಗದ ಮನೆಯವರದು ಇನ್ನೊಂದು. ಸೆವರ್ನ್ ನದಿ ಈ ಊರನ್ನು ಮೂರು ಕಡೆ ಬಳಸಿಕೊಂಡು ಹರಿಯುತ್ತದೆ. ಹಳೆಯ ಕಲ್ಲಿನ ಸೇತುವೆ, ಅದರ ಬುಡದಲ್ಲಿ ಪಬ್ಬು, ಪಬ್ಬಿನ ಗೋಡೆಗೆ ಯಾವ ವರ್ಷ ನೀರು ಎಲ್ಲಿಯವರೆಗೆ ಬಂತು ಎಂದು ಕೊರೆದ ಹಿತ್ತಾಳೆಯ ಪಟ್ಟಿಗಳು. ಅಲ್ಲಿನ ಮನೆಗಳಲ್ಲಿ ಕರೆಂಟಿನ ಸಾಕೆಟ್ಟುಗಳು ನಿಂತವರ ಎದೆಯ ಎತ್ತರಕ್ಕಿರುತ್ತವೆ, ನೆಲಕ್ಕೆ ಕಾರ್ಪೆಟ್ ಹಾಸುವುದಿಲ್ಲ, ಮನೆ ವಿಮೆ ಎಂದರೆ ಜನ ನಗುತ್ತಾರೆ. ಅಲ್ಲಿಂದ ರಸ್ತೆ ಕೆಂಪು ಕಲ್ಲಿನ ದಿಬ್ಬ ಹತ್ತುತ್ತದೆ. ತುದಿಯಲ್ಲಿ ರೈಲು ನಿಲ್ದಾಣ, ಅದರ ಸುತ್ತ ಇಟ್ಟಿಗೆಯ ಜೋಡಿಮನೆಗಳು. ಆ ಮನೆಗಳವರು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬರ್ಮಿಂಗ್‌ಹ್ಯಾಮ್ ರೈಲು ಹತ್ತಿದರೆ ಊರನ್ನು ಮುದುಕರಿಗೂ ನಾಯಿಗಳಿಗೂ ಹಂಸಗಳಿಗೂ ಬಿಟ್ಟುಕೊಟ್ಟ ಹಾಗೆ, ಸಂಜೆಯತನಕ ತಿರುಗಿ ನೋಡುವುದಿಲ್ಲ. ನಿವೇದಿತಾಳ ಮನೆ ದಿಬ್ಬದ ನಟ್ಟನಡುವೆ ಇತ್ತು. ಮೇಲಿನವರು ಆ ಮನೆಯವರನ್ನು ಕೆಳಗಿನವರು ಎನ್ನುತ್ತಿದ್ದರು, ಕೆಳಗಿನವರು ಮೇಲಿನವರು ಎನ್ನುತ್ತಿದ್ದರು.

ಸ್ಮಶಾನವೂ ಊರಿನ ಅಚ್ಚಿನಲ್ಲೇ ಇತ್ತು. ಅರ್ಧ ದಿಬ್ಬದ ಮೇಲೆ, ಅರ್ಧ ನದಿಯ ಪಕ್ಕದ ತಗ್ಗಿನಲ್ಲಿ. ಕೆಳಭಾಗದಲ್ಲಿ ಜಾಗಕ್ಕೆ ಬರವಿಲ್ಲ. ಆದರೆ ಚಳಿಗಾಲ ಬಂತೆಂದರೆ ಅಲ್ಲಿ ಅಗೆದ ಗುಂಡಿಗೆ ಕೆಳಗಿನಿಂದಲೇ ನೀರು ಬರುತ್ತದೆ. ಪಂಪು ಹಚ್ಚಿ ನೀರೆತ್ತಿ, ಪಾದ್ರಿಯ ಪ್ರಾರ್ಥನೆ ಮುಗಿಯುವುದರೊಳಗೆ ಶವಪೆಟ್ಟಿಗೆ ಇಳಿಸಬೇಕು.

ಇಲ್ಲಿಯ ಜನ ತಮ್ಮ ಜಾಗವನ್ನು ತಾವೇ ಬಂದು ಆರಿಸಿಕೊಳ್ಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಿವೇದಿತಾಳಿಗೆ ಅದು ದೊಡ್ಡ ತಮಾಷೆಯಾಗಿತ್ತು. ಭಾನುವಾರ ಫ್ಲಾಸ್ಕಿನಲ್ಲಿ ಚಹಾ ಹಾಕಿಕೊಂಡು, ನಾಯಿ ಹಿಡಿದುಕೊಂಡು ಗಂಡ ಹೆಂಡತಿ ಬರುತ್ತಾರೆ. ಸೈಟು ನೋಡಿದ ಹಾಗೆ ಇಲ್ಲಿ ನಿಂತು ಅಲ್ಲಿ ನಿಂತು ನೋಡುತ್ತಾರೆ. ಇಲ್ಲಿಂದ ನದಿ ಕಾಣುತ್ತದೆ, ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದು ಚರ್ಚೆ ಮಾಡುತ್ತಾರೆ. ಅವಳು ಮನೆಗೆ ಬಂದು ಅಭಿನಯಿಸಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವಳ ಮಾವ ಸಿದ್ದರಾಮಪ್ಪ.

ಸಿದ್ದರಾಮಪ್ಪನವರು ಗದಗಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆಂದು ಬಂದು, ಇಂಗ್ಲೆಂಡಿನ ಚಳಿಯನ್ನು ಬೈಯುತ್ತಲೇ ಉಳಿದುಬಿಟ್ಟಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಯಾರು ಹೋದರು, ಯಾರು ಬಂದರು, ಇವತ್ತು ಗಾಡಿ ಎಷ್ಟು ತಡ ಎಂದು ನೋಡುವುದಕ್ಕೆ ಇಂಗ್ಲಿಷ್ ಯಾಕೆ ಬೇಕು? ಅದೇ ಬೆಂಚಿನ ಮೇಲೆ ಅವರಿಗೆ ರಾನ್ ಎಂಬ ನಿವೃತ್ತ ಗಾರ್ಡಿನ ಸ್ನೇಹವಾಯಿತು. ಇಬ್ಬರೂ ತಡವಾದ ರೈಲಿಗೆ ಒಟ್ಟಿಗೆ ನಾಲಿಗೆ ಲೊಚಗುಟ್ಟುತ್ತಿದ್ದರು. ರಾನ್ ತೀರಿಕೊಂಡಾಗ ಕೆಳಭಾಗದಲ್ಲಿ, ಹೆಂಡತಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಪೆಟ್ಟಿಗೆ ಇಳಿಸುವಾಗ ಕೆಳಗೆ ನೀರಿನ ಸಪ್ಪಳವಾದದ್ದನ್ನು ಸಿದ್ದರಾಮಪ್ಪ ಕೇಳಿಸಿಕೊಂಡರು. ಮನೆಗೆ ಬಂದು ಸ್ನಾನ ಮಾಡಿದರು. ಆಮೇಲೆ ಮಗ ಸೊಸೆ ಇಬ್ಬರನ್ನೂ ಕರೆದು ಹೇಳಿದರು.

"ನಾ ಎಲ್ಲಿ ಬೀಳ್ತೇನಿ ಅಲ್ಲೇ ಮಣ್ಣ ಮಾಡ್ರಿ. ಗದಗಕ್ಕ ಒಯ್ಯೂ ಉಸಾಬರಿ ಬ್ಯಾಡ. ಆದ್ರ ನೀರಾಗ ಮಾತ್ರ ಇಳಸಬ್ಯಾಡ್ರಿ."

ಅವರು ಲಿಂಗವಂತರು. ಅವರಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಯುಗಾದಿಯ ಊಟಕ್ಕೆ ಸೇರುವ ಕನ್ನಡದ ಡಾಕ್ಟರುಗಳು ಈ ವಿಷಯ ಬಂದಾಗಲೆಲ್ಲ ಯಾವ ವಿದ್ಯುತ್ ಚಿತಾಗಾರದಲ್ಲಿ ಪಾರ್ಕಿಂಗ್ ಚೆನ್ನಾಗಿದೆ ಎಂದು ಮಾತಾಡಿಕೊಳ್ಳುತ್ತಿದ್ದರು. ನಿವೇದಿತಾ, ಅವಳ ಗಂಡ ಶ್ರೀಶೈಲ ಇಬ್ಬರೂ ಸುಮ್ಮನೆ ಹೂಂಗುಟ್ಟಿ ಹೋಳಿಗೆ ತಿನ್ನುತ್ತಿದ್ದರು.

ಆಗ ಮೇಲುಭಾಗದಲ್ಲಿ ಹತ್ತಾರು ಜಾಗಗಳಿದ್ದವು. ಒಂದನ್ನು ಹಿಡಿದಿಡಬಹುದಿತ್ತು. ಹಿಡಿದಿಡಲಿಲ್ಲ. ಬದುಕಿರುವ ಹಿರಿಯರ ಹೆಸರಿನಲ್ಲಿ ಗುಂಡಿ ಕಾದಿರಿಸುವುದೆಂದರೆ ಯಮನಿಗೆ ವಿಳಾಸ ಕೊಟ್ಟು ಕರೆದ ಹಾಗೆ ಎಂದು ಶ್ರೀಶೈಲ ನಂಬಿದ್ದ. ನಿವೇದಿತಾಳೂ ಒಳಗೊಳಗೆ ನಂಬಿದ್ದಳು, ಸುಳ್ಳು ಯಾಕೆ ಹೇಳಬೇಕು. ಹೀಗಾಗಿ ಪರರ ಗಂಡಂದಿರಿಗೆ, ಪರರ ತಾಯಂದಿರಿಗೆ ಒಣ ಜಾಗಗಳನ್ನು ಒಂದೊಂದಾಗಿ ತನ್ನ ಕೈಯಾರೆ ಬರೆದುಕೊಡುತ್ತ, ಮಾವನ ಹೆಸರನ್ನು ಮಾತ್ರ ನುಂಗಿಕೊಳ್ಳುತ್ತ ಬಂದಳು. ಕಳೆದ ತಿಂಗಳು ಮಾವನ ಹೃದಯ ಸೋತಿತು. ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿದ್ದ ಪರಿಚಯದ ಡಾಕ್ಟರ್ ವಾಸಂತಿ ಅವಳನ್ನು ಕಾರಿಡಾರಿಗೆ ಕರೆದು, "ಮನೇಲೇ ಚೆನ್ನಾಗಿ ನೋಡ್ಕೊಳ್ಳಿ ನಿವೇದಿತಾ, ಬೇಸಿಗೆ ತನಕ ಅಂತ ನಾನು ಹೇಳೋಕಾಗಲ್ಲ" ಎಂದರು. ಅವತ್ತಿನಿಂದ ಆ ಕೊನೆಯ ಜಾಗವನ್ನು ಅವಳು ದಿನಾ ನಕ್ಷೆಯಲ್ಲಿ ನೋಡುತ್ತಿದ್ದಳು. ಯಾರೂ ಬಂದು ಕೇಳದಿರಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಶುಕ್ರವಾರ ಸಂಜೆ ಶ್ರೀಶೈಲ ರೈಲಿಳಿದು ತೊಯ್ದು ಬಂದ. ಇಬ್ಬರ ಫೋನುಗಳೂ ಒಟ್ಟಿಗೆ ಗುಂಯ್‌ಗುಟ್ಟಿದವು. ಸೆವರ್ನ್ ಏರುತ್ತಿದೆ, ತಗ್ಗಿನವರು ಸಾಮಾನು ಮೇಲಕ್ಕೆ ಸಾಗಿಸಿ ಎಂಬ ಎಚ್ಚರಿಕೆ. ಅವನು ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಶುರು ಮಾಡಿದಳು.

"ಮ್ಯಾಲಿನ ಕಡಿ ಒಂದ ಜಾಗ ಉಳದೈತ್ರಿ. ಇವತ್ತು ಅದನ್ನೂ ಕೇಳಾಕ ಬಂದಿದ್ರು."

"ಯಾವ ಜಾಗ?" ಎಂದ ಶ್ರೀಶೈಲ. ಅವನಿಗೆ ಗೊತ್ತಿತ್ತು.

"ಬೇಕಾದ್ರ ನಮ್ಮಿಬ್ಬರ ಹೆಸರಲೆ ತಗೊಳ್ಳೂಣು. ಮಾವಾರ ಹೆಸರ ಹಾಕೂದ ಬ್ಯಾಡ."

"ಆ ಆಫೀಸಿನ್ಯಾಗ ಕುಂತ ಕುಂತ ನೀ ಇವರ ಹಂಗ ಆಗೀದಿ ನೋಡು. ಬಾಜೂ ಖೋಲ್ಯಾಗ ನಮ್ಮಪ್ಪ ಉಸರಾಡಾಕ ಹತ್ಯಾನ. ನೀ ಕುಣಿ ಬುಕ್ ಮಾಡ್ತಿ?"

"ನೀರಾಗ ಇಳಸಬ್ಯಾಡ್ರಿ ಅಂದಾರ ಅವರು. ನೀವೂ ಕೇಳೀರಿ."

ಶ್ರೀಶೈಲ ತಾಟನ್ನು ದೂರ ಸರಿಸಿ ಎದ್ದ. ತಾಟು ಚಮಚೆಗೆ ತಾಗಿ ಸದ್ದಾಯಿತು. ಮನೆ ಬೆಚ್ಚಗಿಡುವ ಬಾಯ್ಲರ್ ಕೆಡುವ ಮುಂಚೆಯೇ ಸರ್ವೀಸ್ ಮಾಡಿಸುವ ಮನುಷ್ಯ, ಮನೆಸಾಲದ ನವೀಕರಣಕ್ಕೆ ಆರು ತಿಂಗಳು ಇರುವಾಗಲೇ ಬ್ಯಾಂಕಿಗೆ ಅಲೆಯುವ ಇಂಜಿನಿಯರು, ಈ ಒಂದು ವಿಷಯಕ್ಕೆ ಮಾತ್ರ ಬಾಗಿಲು ಹಾಕಿಕೊಂಡುಬಿಡುತ್ತಿದ್ದ. ಅವನ ತಾಯಿ ತೀರಿಕೊಂಡಾಗ ಅವನು ವಿಮಾನದಲ್ಲಿದ್ದ. ಗದಗ ಮುಟ್ಟುವಷ್ಟರಲ್ಲಿ ಮಣ್ಣು ಹಾಕಿ ಆಗಿತ್ತು. ಹೂವು ಮುಚ್ಚಿದ ಒಂದು ಗುಡ್ಡೆಯನ್ನು ತೋರಿಸಿ ಇದೇ ನಿಮ್ಮವ್ವ ಎಂದಿದ್ದರು. ಅದನ್ನು ಅವನು ಹೆಂಡತಿಗೆ ಒಮ್ಮೆ ಹೇಳಿದ್ದ, ಮತ್ತೆ ಹೇಳಿರಲಿಲ್ಲ. ನಿವೇದಿತಾಳಿಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಎರಡನ್ನೂ ಇಟ್ಟುಕೊಂಡು ಪಾತ್ರೆ ತೊಳೆದಳು.

ಶನಿವಾರ ಮಳೆ ನಿಂತಿತ್ತು, ನದಿ ನಿಂತಿರಲಿಲ್ಲ. ಮೇಲೆ ವೇಲ್ಸಿನ ಬೆಟ್ಟಗಳಲ್ಲಿ ಬಿದ್ದ ಮಳೆ ಇಲ್ಲಿಗೆ ಬರಲು ಒಂದು ದಿನ ಹಿಡಿಯುತ್ತದೆ, ಬಿಸಿಲಿನಲ್ಲಿ ನೆರೆ ಬರುವುದು ಈ ಊರಿಗೆ ಮಾಮೂಲು. ಮನೆಯಲ್ಲಿ ಕೂರಲಾಗದೆ ನಿವೇದಿತಾ ಸ್ಮಶಾನಕ್ಕೆ ಹೋದಳು. ಕೆಳಭಾಗದ ಬೇಲಿ ಆಗಲೇ ಕಾಣುತ್ತಿರಲಿಲ್ಲ. ಕಲ್ಲುಗಳ ಸಾಲಿನ ನಡುವೆ ಕಂದು ನೀರು ಸದ್ದಿಲ್ಲದೆ ಒಳಗೆ ಬರುತ್ತಿತ್ತು. ರಾನ್‌ನ ಕಲ್ಲಿನ ಅರ್ಧ ಹೆಸರು ಮುಳುಗಿತ್ತು. ಒಂದು ಹಂಸ ಅದರ ಪಕ್ಕದಲ್ಲೇ ಆರಾಮಾಗಿ ತೇಲುತ್ತಿತ್ತು.

ಮೇಲೆ ಸೀಡರ್ ಮರದ ಹತ್ತಿರ ರಬ್ಬರ್ ಬೂಟು ತೊಟ್ಟ ಪಾಲೀನ್ ಹ್ಯಾಡ್ಲಿ ನಿಂತಿದ್ದರು. ತಿರುಗಿ ಓಡಿಹೋಗೋಣ ಎನ್ನಿಸಿತು ನಿವೇದಿತಾಳಿಗೆ. ಅಷ್ಟರಲ್ಲಿ ಅವರು ಕೈ ಬೀಸಿದರು.

"ಸೋಫಾ ಮಹಡಿಗೆ ಏರಿಸುವುದಕ್ಕೆ ಪಕ್ಕದ ಮನೆಯ ಹುಡುಗರು ಬಂದಿದ್ದಾರೆ. ಅವರ ಕಾಲಿಗೆ ಅಡ್ಡ ಯಾಕೆ ಅಂತ ಇಲ್ಲಿ ಬಂದೆ" ಎಂದರು ಪಾಲೀನ್. "ಮದುವೆಯಾದಾಗಿನಿಂದ ಪ್ರತಿ ಚಳಿಗಾಲ ಆ ಕೆಲಸ ಗ್ರಹಾಂನದು. ಮರಳಿನ ಚೀಲ, ಬಕೆಟ್ಟು, ಒದ್ದೆ ಕಾಲುಚೀಲ. ಈಗ ಮಲಗಿದಲ್ಲಿಂದ ಯಾವ ಚೀಲ ಎಲ್ಲಿಡಬೇಕು ಅಂತ ಕೂಗಿ ಹೇಳುತ್ತಾನೆ." ಅವರು ಹುಲ್ಲನ್ನು ಬೂಟಿನಿಂದ ಒತ್ತಿ ನೋಡಿದರು. "ಇಲ್ಲಿ ನೋಡಿ, ಒಂದು ತೊಟ್ಟು ನೀರಿಲ್ಲ. ಕೊನೆಗಾದರೂ ಅವನು ಒಣಗಿರಲಿ ಅಂತ ನನಗೆ."

ನಿವೇದಿತಾಳೂ ಬಗ್ಗಿ ಹುಲ್ಲು ಮುಟ್ಟಿ ನೋಡಿದಳು.

"ಆ ಇನ್ನೊಬ್ಬರು ಯಾರು ಅಂತ ನಾನು ಕೇಳಬಾರದು, ಗೊತ್ತು" ಎಂದರು ಪಾಲೀನ್. "ಆದರೆ ಅವರೂ ಕೆಳಗಿನವರೇನಾ?"

"ನಡುವಿನವರು" ಎಂದಳು ನಿವೇದಿತಾ. ಅಷ್ಟಾದರೂ ನಿಜ ಹೇಳಿದೆ ಎಂದುಕೊಂಡು ಮನೆಗೆ ಬಂದಳು. ಸಮಾಧಾನ ಮಾತ್ರ ಆಗಲಿಲ್ಲ. ಪಾಲೀನ್‌ಗೆ ಕೊಟ್ಟರೆ ಮಾವನನ್ನು ನೀರಿಗೆ ಇಳಿಸಬೇಕು. ಕೊಡದಿದ್ದರೆ, ಕೇಳುವ ಹಕ್ಕಿದ್ದ ಹೆಂಗಸಿನ ಕೈಯಿಂದ ಕಸಿದುಕೊಂಡ ಜಾಗದಲ್ಲಿ ಮಾವನನ್ನು ಇಡಬೇಕು. ಇಡೀ ದಿನ ಅವಳು ಈ ಎರಡರ ನಡುವೆ ಸುತ್ತಿದಳು.

ಭಾನುವಾರ ಬೆಳಿಗ್ಗೆ ಸಿದ್ದರಾಮಪ್ಪ ಮಂಚದ ಮೇಲೆ ದಿಂಬಿಗೆ ಒರಗಿ ಪೂಜೆಗೆ ಕೂತಿದ್ದರು. ಹಣೆಯ ಮೇಲೆ ವಿಭೂತಿ, ಎಡಗೈ ಅಂಗೈಯಲ್ಲಿ ಇಷ್ಟಲಿಂಗ. ಮೊಣಕೈಗೆ ಇನ್ನೊಂದು ಕೈಯ ಆಸರೆ ಬೇಕಾಯಿತು, ಆದರೂ ಇಳಿಸಲಿಲ್ಲ. ಪೂಜೆ ಮುಗಿದು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡ ಮೇಲೆ ನಿವೇದಿತಾ ರೊಟ್ಟಿ ಪಲ್ಯದ ತಾಟು ತಂದಳು. ಅವರು ಅದನ್ನು ಮುಟ್ಟಲಿಲ್ಲ.

"ಶುಕ್ರವಾರ ನನ್ನ ಮಗ ತಾಟ ಸರಿಸಿದ ಸಪ್ಪಳ ನನಗ ಕೇಳೇತಿ" ಎಂದರು. "ಎದಿ ಕೆಟ್ಟೇತಿ, ಕಿವಿ ನೆಟ್ಟಗ ಅದಾವು. ಯಾರ ಕೇಳಾಕ ಬಂದಿದ್ರು ಆ ಜಾಗಾ?"

ಅವಳು ಎಲ್ಲವನ್ನೂ ಹೇಳಿದಳು. ಪಾಲೀನ್, ಗ್ರಹಾಂ, ಸೋಫಾ, ಸೋಮವಾರದ ಮಾತು. ಹೇಳುತ್ತ ಹೇಳುತ್ತ ಅಳು ಬಂತು, ಒರೆಸಿಕೊಂಡಳು. ಮುದುಕರು ಕಿಟಕಿಯ ಕಡೆ ನೋಡುತ್ತ ಕೇಳಿದರು.

"ಗದಗ ಸ್ಟ್ಯಾಂಡಿನ್ಯಾಗ ಬಸ್ ಬಂದ ಕೂಡಲೇ ಮಂದಿ ಕಿಟಕಿಯಾಗಿಂದ ಟವೆಲ್ ಒಗಿತಿದ್ರು" ಎಂದರು ಆಮೇಲೆ. "ಸೀಟ ನಂದ ಅಂತ. ಕೂಸ ಎತಗೊಂಡ ಹೆಣ್ಮಕ್ಕಳು ಬಾಗಲದಾಗಿಂದ ಹತ್ತಿ ಬಂದ್ರ ಸೀಟಿನ ತುಂಬ ಬರೇ ಟವೆಲ್. ಎಷ್ಟ ಟವೆಲ್ ಎತ್ತಿ ಹೊರಗ ಒಗದೇನಿ ನಾನು. ಎಷ್ಟ ಮಂದಿ ಕೂಡ ಜಗಳಾ ಮಾಡೇನಿ. ಈಗ ನೀ ನನ್ನ ಸಲುವಾಗಿ ಟವೆಲ್ ಒಗದ ಬಂದಿ, ಯವ್ವಾ."

"ತಪ್ಪಾತ್ರಿ ಮಾವಾರ."

"ತಪ್ಪ ನಿಂದ ಒಬ್ಬಾಕಿದಲ್ಲ ತಗೋ. ನಾನೂ ನಗತಿದ್ದೆ, ಬಾಯಿ ಬಿಟ್ಟ ಕೇಳಲಿಲ್ಲ." ಅವರು ಉಸಿರು ತೆಗೆದುಕೊಳ್ಳಲು ನಿಂತರು. "ಶ್ರೀಶೈಲನ ಕರಿ. ಅಲ್ಲಿ ಹೋಗೂಣು. ನಾ ಕಣ್ಣಿಲೆ ನೋಡಬೇಕು."

ಶ್ರೀಶೈಲ ಬಾಗಿಲಲ್ಲೇ ನಿಂತು ಆಗುವುದಿಲ್ಲ ಎಂದ. ಚಳಿ ಎಂದ, ಸೇತುವೆ ಬಂದ್ ಆಗಿದೆ ಎಂದ, ಸ್ಮಶಾನ ಸೇತುವೆಯ ಈಚೆಗೇ ಇರುವುದು ಅವನಿಗೆ ಗೊತ್ತಿಲ್ಲದ ಹಾಗೆ. ಕೊನೆಗೆ, "ಅಪ್ಪಾ, ಅಲ್ಲಿ ಯಾಕ ನಿನಗ ಈಗ?" ಎಂದು ಕೇಳಿದಾಗ ಅವನ ದನಿ ಒಡೆಯಿತು.

"ಹೊಳ್ಳಿ ಬಂದ ಮ್ಯಾಲೆ ರೊಟ್ಟಿ ತಿಂತೇನಿ" ಎಂದರು ಸಿದ್ದರಾಮಪ್ಪ, ತಾಟನ್ನು ಪಕ್ಕಕ್ಕಿಟ್ಟು. ಅಪ್ಪ ಉಪವಾಸ ಕೂತರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ಗಾಲಿಕುರ್ಚಿಯನ್ನು ಕಾರಿನ ಡಿಕ್ಕಿಗೆ ಹಾಕಿದ.

ಸ್ಮಶಾನದ ಮೇಲುಬಾಗಿಲಲ್ಲಿ ಕೀತ್ ಇದ್ದ. ಗುಂಡಿ ಅಗೆಯುವುದು, ಹುಲ್ಲು ಕತ್ತರಿಸುವುದು, ಗೋಡೆ ನೋಡಿಕೊಳ್ಳುವುದು ಎಲ್ಲ ಅವನೇ. ನೆರೆ ಎಲ್ಲಿಗೆ ಬಂತು ನೋಡಲೆಂದು ಭಾನುವಾರವೂ ಬಂದಿದ್ದ. ನಿವೇದಿತಾಳನ್ನು ನೋಡಿ ಟೋಪಿ ಎತ್ತಿದ, ಹಿಂದೆ ಕುರ್ಚಿ ನೂಕುತ್ತ ಬಂದವನ ಮುಖ ನೋಡಿ ಬಾಗಿಲು ಪೂರ್ತಿ ತೆಗೆದ.

ಕೆಳಭಾಗ ಪೂರ್ತಿ ಹೊಳೆಯಾಗಿತ್ತು. ಎತ್ತರದ ಶಿಲುಬೆಗಳ ತುದಿಗಳು ಮಾತ್ರ ಹೊರಗಿದ್ದವು. ಸಿದ್ದರಾಮಪ್ಪ ಅದನ್ನು ಬಹಳ ಹೊತ್ತು ನೋಡಿದರು. ರಾನ್ ಯಾವ ಕಡೆ ಎಂದು ಕೇಳಿದರು, ನಿವೇದಿತಾ ಕೈ ಮಾಡಿ ತೋರಿಸಿದಳು. ಅವರ ಬೆರಳುಗಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದದ್ದನ್ನು ಅವಳು ಕಂಡಳು. ಧೈರ್ಯದ ಮಾತಾಡಿದರೂ ಮುದುಕರಿಗೆ ಭಯವಿತ್ತು. ಆಮೇಲೆ ಸೀಡರ್ ಮರದ ಕೆಳಗಿನ ಆ ಒಂದು ಜಾಗವನ್ನು ನೋಡಿದರು. ಬೆಚ್ಚಗಿನ ಕೆಂಪು ನೆಲ, ಒಣ ಹುಲ್ಲು.

"ಛಲೋ ಐತಿ" ಎಂದರು. "ಆ ಹೆಣ್ಮಗಳಿಗೆ ಫೋನ್ ಹಚ್ಚು."

"ನಾಳೆ ಆಫೀಸಿಗೆ ಬರ್ತಾರ್ರಿ..."

"ಈಗ ಹಚ್ಚು. ನನ್ನ ಮುಂದ."

ನಿವೇದಿತಾ ಎರಡು ಹೆಜ್ಜೆ ಆಚೆ ಹೋಗಿ ಫೋನ್ ಮಾಡಿದಳು. ಪಾಲೀನ್ ಎತ್ತಿಕೊಂಡರು. ಹಿಂದೆ ಯಾರೋ ಕೆಮ್ಮುವುದು ಕೇಳಿಸುತ್ತಿತ್ತು. ಆ ಜಾಗ ನಿಮ್ಮದೇ ಎಂದಳು ನಿವೇದಿತಾ. ಬೇರೆ ಯಾರೂ ಕೇಳಿರಲಿಲ್ಲ, ನಾನು ಸುಳ್ಳು ಹೇಳಿದೆ, ನನ್ನ ಮಾವನಿಗಾಗಿ ಹೇಳಿದೆ, ನಾಳೆ ನಮ್ಮ ಮುಖ್ಯಾಧಿಕಾರಿಗೂ ಇದನ್ನು ತಿಳಿಸುತ್ತೇನೆ ಎಂದಳು. ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು, ಕೆಮ್ಮು ದೂರವಾಯಿತು.

"ನಿಮ್ಮ ಮಾವ ಈಗ ಅಲ್ಲೇ ಇದ್ದಾರಾ?" ಎಂದು ಕೇಳಿದರು ಪಾಲೀನ್ ಕೊನೆಗೆ.

"ಹೌದು."

"ಗಾಳಿ ಚುಚ್ಚುತ್ತಿದೆ. ಅವರಿಗೆ ಏನಾದರೂ ಹೊದಿಸಿದ್ದೀರಾ?"

ಹೊದಿಸಿದ್ದೇನೆ ಎಂದಳು. ಸರಿ ಎಂದು ಪಾಲೀನ್ ಫೋನ್ ಇಟ್ಟರು. ಕ್ಷಮಿಸಿದರೋ ಇಲ್ಲವೋ ಗೊತ್ತಾಗಲಿಲ್ಲ. ಗೊತ್ತಾಗುವಂತೆ ಹೇಳುವ ಋಣ ಅವರ ಮೇಲೇನೂ ಇರಲಿಲ್ಲ.

ವಾಪಸು ಬಂದಾಗ ಶ್ರೀಶೈಲ ಅವಳ ಮೇಲೆ ಹರಿಹಾಯ್ದ. "ಆತಲ್ಲ? ಈಗೇನ್ ಮಾಡೂದು? ಹೇಳ್ ನೋಡೂಣು. ಎಲ್ಲಿ ಇಡೂದು ಅಪ್ಪನ್ನ? ಅಲ್ಲೇನು?" ಎಂದು ನೀರಿನ ಕಡೆ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಇಷ್ಟು ವರ್ಷ ಯಾವ ಮಾತನ್ನು ಆಡಬಾರದು ಎಂದಿದ್ದನೋ ಅದನ್ನು ಅಪ್ಪನ ಎದುರಿಗೇ ಆಡಿಬಿಟ್ಟಿದ್ದ. ಅವನು ಮುಖ ಆಚೆ ತಿರುಗಿಸಿಕೊಂಡ. ಕೆಳಗೆ ನೀರಿನಲ್ಲಿ ಒಂದು ಮರದ ಕೊಂಬೆ ಕಲ್ಲುಗಳಿಗೆ ತಾಗುತ್ತ ಹೋಯಿತು.

ಆ ಹೊತ್ತಿನಲ್ಲೇ ಸಿದ್ದರಾಮಪ್ಪ ಕುರ್ಚಿಯಲ್ಲಿ ಹೊರಳಿ ಹಿಂದೆ ನೋಡುತ್ತಿದ್ದರು.

"ಆ ಮೂಲಿ ಯಾಕ ಖಾಲಿ ಬಿಟ್ಟಾರ?"

ಗೋಡೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕದಷ್ಟು ನೆಲ ಇತ್ತು. ಗೋಡೆ ಬೀಳದಿರಲೆಂದು ಯಾವ ಕಾಲದಲ್ಲೋ ಕಟ್ಟಿದ ಕಲ್ಲಿನ ಆಸರೆಗೋಡೆ ಒಂದು ಕಡೆ, ಸೀಡರ್ ಮರದ ಬೇರು ಇನ್ನೊಂದು ಕಡೆ. ನಿವೇದಿತಾಳ ನಕ್ಷೆಯಲ್ಲಿ ಅದಕ್ಕೆ ಸಂಖ್ಯೆಯೇ ಇರಲಿಲ್ಲ. ಅವಳು ಕೀತ್‌ನನ್ನು ಕರೆದು ಕೇಳಿದಳು.

"ಅದಾ? ಗಿಡ್ಡ ಜಾಗ" ಎಂದ ಕೀತ್. "ಉದ್ದ ಸಾಲದು. ಯಾವ ಪೆಟ್ಟಿಗೆಯೂ ಹಿಡಿಯುವುದಿಲ್ಲ. ನನ್ನ ಅಜ್ಜನ ಕಾಲದಿಂದ ಹಾಗೇ ಇದೆ."

ಅವಳು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆಯೇ ಸಿದ್ದರಾಮಪ್ಪ ನಗಲು ಶುರು ಮಾಡಿದರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ಮಗ ಬೆನ್ನು ನೀವಿದ.

"ಮಲಗೂ ಮಂದಿಗೆ ಸಾಲೂದಿಲ್ಲ" ಎಂದರು. "ನಮ್ಮನ್ನ ಎಲ್ಲಿ ಮಲಗಸ್ತಾರ? ಕುಂಡ್ರಸ್ತಾರ."

ನಿವೇದಿತಾ ಬೆಪ್ಪಾಗಿ ನಿಂತಳು. ತನ್ನ ಅಜ್ಜನನ್ನು, ಅಜ್ಜಿಯನ್ನು ಹಾಗೆ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಇಲ್ಲಿ ಬಂದು ಪೆಟ್ಟಿಗೆಗಳ ಲೆಕ್ಕದಲ್ಲೇ ಇಷ್ಟು ಕಾಲ ಯೋಚಿಸುತ್ತಿದ್ದಳು. ಪ್ರತಿದಿನ ಕಾಫಿ ಕುಡಿಯುತ್ತ ನೋಡಿದ ಅದೇ ನಕ್ಷೆಯಲ್ಲಿ ಮಾವನ ಜಾಗ ಬಿಳಿಯಾಗಿ ಬಿದ್ದುಕೊಂಡಿತ್ತು.

"ನನ್ನ ಇಳಸ್ರಿ" ಎಂದರು ಮುದುಕರು.

ಶ್ರೀಶೈಲ ತನ್ನ ಮಳೆಕೋಟು ಬಿಚ್ಚಿ ನೆಲಕ್ಕೆ ಹಾಸಿದ. ಇಬ್ಬರೂ ಸೇರಿ ಅವರನ್ನು ಕುರ್ಚಿಯಿಂದ ಮೆಲ್ಲಗೆ ಇಳಿಸಿದರು. ಕಾಲು ಮಡಚುವಾಗ ಅವರು ಹಲ್ಲು ಕಚ್ಚಿಕೊಂಡರು, ಮಂಡಿ ಲಟಕ್ಕೆಂದಿತು. ಕೊನೆಗೆ ಗೋಡೆಗೆ ಬೆನ್ನು ಕೊಟ್ಟು ಪೂಜೆಗೆ ಕೂತ ಹಾಗೆ ಕೂತರು. ಮುಖ ಉತ್ತರಕ್ಕಿರಬೇಕು, ಉತ್ತರ ಯಾವ ಕಡೆ ಎಂದು ಕೇಳಿದರು. ಕೀತ್ ಸೇತುವೆಯ ಕಡೆ ಬೆರಳು ಮಾಡಿದ. ಅಲ್ಲಿಂದ ಇಡೀ ಊರು ಕಾಣುತ್ತಿತ್ತು. ಉಬ್ಬಿದ ನದಿ, ಕಲ್ಲಿನ ಸೇತುವೆ, ಮರಳಿನ ಚೀಲ ಒಟ್ಟಿದ ಬಾಗಿಲುಗಳು, ದಿಬ್ಬದ ತುದಿಯಲ್ಲಿ ರೈಲು ನಿಲ್ದಾಣ. ಭಾನುವಾರದ ಖಾಲಿ ಗಾಡಿಯೊಂದು ಬಂದು ನಿಂತು, ಯಾರನ್ನೂ ಇಳಿಸದೆ ಹೊರಟಿತು.

"ಎಲ್ಲಾ ಕಾಣ್ತೈತಿ" ಎಂದರು ಸಿದ್ದರಾಮಪ್ಪ. "ಯಾರ ಹೋದ್ರು, ಯಾರ ಬಂದ್ರು. ಶ್ರೀಶೈಲಾ, ನೀ ಸಂಜಿಮುಂದ ರೈಲ ಇಳಿಯೂದೂ ಕಾಣ್ತೈತಿ."

ಶ್ರೀಶೈಲ ಬಗ್ಗಿ ಅಪ್ಪನ ಹೊದಿಕೆಯನ್ನು ಕೊರಳಿನ ತನಕ ಎಳೆದ.

ನಿವೇದಿತಾ ತಮ್ಮ ಕಡೆಯ ಪದ್ಧತಿಯನ್ನು ಕೀತ್‌ಗೆ ವಿವರಿಸಿದಳು. ಅವನು ತಲೆ ಕೆರೆದುಕೊಂಡ. ಆಳಕ್ಕೆ ತೊಂದರೆ ಇಲ್ಲ, ಕೆಳಗೆ ಕಲ್ಲು, ಒಡೆಯುವುದಕ್ಕೆ ಕಷ್ಟ ಆದರೆ ನೀರು ಬರುವುದಿಲ್ಲ ಎಂದ. ಕೂರಿಸಬಾರದು ಎಂದು ಕೌನ್ಸಿಲ್ಲಿನ ನಿಯಮದಲ್ಲಿದೆಯಾ ಎಂದು ಅವಳನ್ನೇ ಕೇಳಿದ. ಇದ್ದ ಹಾಗೆ ಅವಳಿಗೆ ನೆನಪಾಗಲಿಲ್ಲ. ಆದರೆ ಇದನ್ನು ತೀರ್ಮಾನ ಮಾಡುವವಳು ನಾನಲ್ಲ, ನಾಳೆ ಮುಖ್ಯಾಧಿಕಾರಿಯ ಮುಂದೆ ಸುಳ್ಳಿನ ಕಥೆಯನ್ನೂ ಈ ಕೋರಿಕೆಯನ್ನೂ ಒಟ್ಟಿಗೆ ಇಡುತ್ತೇನೆ, ಅವರು ಏನೆನ್ನುತ್ತಾರೋ ನೋಡೋಣ ಎಂದಳು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅಳುಕು ಅವಳಿಗೆ ಇದ್ದೇ ಇತ್ತು.

"ಹೇಗೂ ಕೇಳುತ್ತೀರಲ್ಲ, ಅಳತೆ ತೆಗೆದುಕೊಂಡು ಹೋಗಿ" ಎಂದ ಕೀತ್. ಜೇಬಿನಿಂದ ಟೇಪು ತೆಗೆದು, ನಾಲ್ಕು ಮರದ ಗೂಟಗಳನ್ನು ತಂದ. ಒಂದು ತುದಿ ಹಿಡಿಯಲು ಯಾರಾದರೂ ಬೇಕಿತ್ತು. ನಿವೇದಿತಾ ಕೈ ಚಾಚುವ ಮೊದಲೇ ಶ್ರೀಶೈಲ ಮುಂದೆ ಬಂದು ಟೇಪು ಹಿಡಿದ. ಅಪ್ಪನ ಪಕ್ಕದಲ್ಲಿ, ಗೋಡೆಗೆ ತಾಗಿ ಮೊಣಕಾಲೂರಿ ಕೂತ. ಕೀತ್ ಟೇಪನ್ನು ಎಳೆದು ಮುದುಕರ ಮಂಡಿಯ ಮುಂದೆ ಗೂಟ ಚುಚ್ಚಿದ. ಸಿದ್ದರಾಮಪ್ಪ ಕಣ್ಣು ಮುಚ್ಚಿಕೊಂಡು, ದರ್ಜಿಯ ಮುಂದೆ ನಿಂತವರ ಹಾಗೆ ಅಲುಗದೆ ಕೂತಿದ್ದರು.

"ಇನ್ನೂ ಸ್ವಲ್ಪ ಮುಂದೆ ತಗೋ, ಕೀತ್" ಎಂದ ಶ್ರೀಶೈಲ ಇಂಗ್ಲಿಷಿನಲ್ಲಿ.

"ಕೂರುವುದಕ್ಕೆ ಇಷ್ಟು ಸಾಕಲ್ಲ?"

"ಅಪ್ಪನಿಗೆ ಮಂಡಿ ನೋವು" ಎಂದ ಶ್ರೀಶೈಲ. "ಬಹಳ ಹೊತ್ತು ಕಾಲು ಮಡಚಿ ಕೂರುವುದಕ್ಕೆ ಆಗುವುದಿಲ್ಲ."

ಕೀತ್ ಅವನನ್ನೊಮ್ಮೆ ನೋಡಿದ. ಗೂಟ ಕಿತ್ತು, ಮರದ ಬೇರಿಗೆ ತಾಗುವಷ್ಟು ಆಚೆಗೆ ನೆಟ್ಟ.